ನಾಲ್ಕು ದಿನ ಮನೆ ಬೀಗ ಹಾಕಿ ಹೋಗಬೇಕು: ಕ್ಯಾಮೆರಾ ಹಾಕಿಸಲೇ, ಬಾಗಿಲು ಗಟ್ಟಿ ಮಾಡಿಸಲೇ? (ತುಮಕೂರು)

ರಿಂಗ್‌ರೋಡ್ ಮನೆಯವಳು, ತುಮಕೂರು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಮ್ಮ ಮನೆ ತುಮಕೂರಿನ ರಿಂಗ್ ರೋಡ್ ಆಚೆ, ಹೊಸ ಬಡಾವಣೆಯಲ್ಲಿದೆ. ನಮ್ಮ ಅಡ್ಡರಸ್ತೆಯಲ್ಲಿ ಒಂಬತ್ತು ಸೈಟು, ಮನೆ ನಾಲ್ಕೇ. ಉಳಿದ ಕಡೆ ಆಳೆತ್ತರ ಪಾರ್ಥೇನಿಯಂ. ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುತ್ತೇನೆ. ಮನೆ ಸೇರುವಾಗ ರಾತ್ರಿ ಎಂಟು. ನಮ್ಮ ಯಜಮಾನರಿಗೆ ವಸಂತನರಸಾಪುರದಲ್ಲಿ ಶಿಫ್ಟ್ ಕೆಲಸ. ಹಗಲೆಲ್ಲ ಅತ್ತೆ ಒಬ್ಬರೇ. ಅವರಿಗೆ 71 ವರ್ಷ, ಕಿವಿ ಸ್ವಲ್ಪ ಮಂದ.

ಹದಿನೈದು ದಿನದ ಹಿಂದೆ ಒಂದು ಶುಕ್ರವಾರ ಎದುರು ಮನೆಯವರು ಗೊರವನಹಳ್ಳಿಗೆ ಲಕ್ಷ್ಮಿ ದರ್ಶನಕ್ಕೆ ಹೋದರು. ಬೆಳಿಗ್ಗೆ ಒಂಬತ್ತಕ್ಕೆ ಹೊರಟವರು ಮಧ್ಯಾಹ್ನ ಎರಡಕ್ಕೆ ವಾಪಸ್. ಅಷ್ಟರಲ್ಲಿ ಮುಂಬಾಗಿಲು ಮೀಟಿ, ಬೀರು ಒಡೆದು, ಸರ, ಬಳೆ, ಬೆಳ್ಳಿ ದೀಪ ಎಲ್ಲ ತೆಗೆದುಕೊಂಡು ಹೋಗಿದ್ದಾರೆ. ರಾತ್ರಿ ಅಲ್ಲ, ಹಾಡಹಗಲು.

ನನಗೆ ನಿದ್ದೆ ಕೆಡಿಸಿರುವುದು ಇನ್ನೊಂದು ವಿಷಯ. ಆ ದಿನ ಅತ್ತೆ ಜಗಲಿಯಲ್ಲಿ ಕೂತು ಅವರೇಕಾಯಿ ಬಿಡಿಸುತ್ತಿದ್ದರು. ಬೆನ್ನಿಗೆ ಬ್ಯಾಗ್ ಹಾಕಿದ್ದ ಒಬ್ಬ ಬೈಕಿನಿಂದ ಇಳಿದು ಎದುರು ಗೇಟ್ ತೆಗೆದದ್ದನ್ನು ನೋಡಿದ್ದಾರೆ. ಸ್ಟವ್ ರಿಪೇರಿಯವನು ಇರಬೇಕು ಅಂದುಕೊಂಡು ಕಾಯಿ ತೆಗೆದುಕೊಂಡು ಒಳಗೆ ಹೋದರಂತೆ. ಅವತ್ತಿನಿಂದ ಒಂದೇ ಮಾತು. "ನಾನು ಕೇಳಬೇಕಿತ್ತು, ಯಾರಪ್ಪಾ ನೀನು ಅಂತ ಒಂದು ಮಾತು ಕೇಳಬೇಕಿತ್ತು." ಎದುರು ಮನೆಯವರ ಮುಖ ನೋಡಲು ಅವರಿಗೆ ಆಗುತ್ತಿಲ್ಲ. ಪೊಲೀಸರು ಬಂದಾಗಲೂ ಹೆದರಿ ಒಳಗೇ ಇದ್ದರು.

ಮುಂದಿನ ತಿಂಗಳು ತೀರ್ಥಹಳ್ಳಿಯಲ್ಲಿ ನನ್ನ ತಂಗಿ ಮದುವೆ. ನಾಲ್ಕು ದಿನ ನಾವೆಲ್ಲ ಹೋಗಲೇಬೇಕು. ಕೈಯಲ್ಲಿ ಇಪ್ಪತ್ತು ಸಾವಿರ ಇಟ್ಟುಕೊಂಡಿದ್ದೇನೆ. ಒಬ್ಬರು ಅಂಗಡಿಯವರು ನಾಲ್ಕು ಕ್ಯಾಮೆರಾಕ್ಕೆ 18,500 ಹೇಳಿದರು. ಅದನ್ನು ಹಾಕಿಸಿದರೆ ಬೇರೆ ಯಾವುದಕ್ಕೂ ಉಳಿಯುವುದಿಲ್ಲ. ಹೋದ ವರ್ಷ ಸ್ಟೇಷನ್ ಹತ್ತಿರ ರಸ್ತೆ ಬದಿ ನಿಲ್ಲಿಸಿದ್ದ ನಮ್ಮ ಸ್ಕೂಟರ್ ಕಳುವಾಯಿತು. ಇನ್ಶೂರೆನ್ಸ್‌ನಿಂದ ಒಂದು ರೂಪಾಯಿ ಬರಲಿಲ್ಲ. ಹಾಗಾಗಿ ಈ ಸಲ ಸುಮ್ನೆ ದುಡ್ಡು ಸುರಿಯಲು ಭಯ.

ಈ ದುಡ್ಡಿನಲ್ಲಿ ಮೊದಲು ಏನು ಮಾಡಿಸಲಿ? ಅತ್ತೆಗೆ ಏನು ಹೇಳಲಿ?

ಬೆಳ್ಳಾವಿ ಹುಡುಗ

ಅಕ್ಕಾ, ಕ್ಯಾಮೆರಾ ಹಾಕಿಸಿಬಿಡಿ, ಯೋಚನೆ ಬೇಡ. ಫೋನಿನಲ್ಲೇ ಎಲ್ಲ ಕಾಣುತ್ತದೆ. ನಮ್ಮ ಮಾವ ಊರಿಗೆ ಹೋಗುವಾಗ ಗ್ರಿಲ್ ಬಾಗಿಲಿಗೆ ಒಂದು ವೈರ್ ಎಳೆದು ಕರೆಂಟ್ ಕೊಟ್ಟು ಹೋಗುತ್ತಾರೆ. ಐದು ವರ್ಷದಿಂದ ಯಾರೂ ಹತ್ತಿರ ಬಂದಿಲ್ಲ.

ಮರಗೆಲಸ, ಗುಬ್ಬಿ ಗೇಟ್

ತಮ್ಮಾ, ಆ ಕರೆಂಟ್ ವಿಷಯ ದಯವಿಟ್ಟು ಯಾರಿಗೂ ಹೇಳಬೇಡ. ನಿಮ್ಮ ಮಾವನಿಗೂ ಇವತ್ತೇ ಹೇಳಿ ತೆಗೆಸು. ಬೆಳಗಿನ ಜಾವ ಆ ಗ್ರಿಲ್ ಮುಟ್ಟುವುದು ಕಳ್ಳ ಅಲ್ಲ, ಹಾಲು ಹಾಕುವ ಹುಡುಗ, ಪೇಪರ್ ಹುಡುಗ. ಹೊಲದಲ್ಲಿ ಹಂದಿಗೆ ಅಂತ ಎಳೆದ ತಂತಿಗೆ ಮನೆಯವರೇ ಸಿಕ್ಕಿ ಸತ್ತಿದ್ದನ್ನು ನಮ್ಮ ಕಡೆ ಕೇಳಿಲ್ವಾ? ಅದು ಅಪರಾಧ. ಜೈಲಿಗೆ ಹೋಗುವುದು ವೈರ್ ಎಳೆದವನೇ.

ಅಕ್ಕಾ, ಈಗ ನಿಮ್ಮ ಬಾಗಿಲು. ನಾನು ಇಪ್ಪತ್ತಾರು ವರ್ಷದಿಂದ ಮರಗೆಲಸ ಮಾಡುತ್ತಿದ್ದೇನೆ. ಕಳ್ಳತನ ಆದ ಮನೆಗೆ ಮೊದಲು ಪೊಲೀಸರು ಹೋಗುತ್ತಾರೆ, ಆಮೇಲೆ ನೆಂಟರು, ಅವರಾದ ಮೇಲೆ ನಾನು. ಒಡೆದ ಬಾಗಿಲನ್ನು ಅವತ್ತು ರಾತ್ರಿಗೆ ಹೇಗಾದರೂ ನಿಲ್ಲಿಸಿಕೊಡಬೇಕಲ್ಲ. ಹಾಗೆ ನೋಡಿದ ಬಾಗಿಲು ಎಷ್ಟೋ. ಅವುಗಳಲ್ಲಿ ಬೀಗ ಮುರಿದಿದ್ದು ಕಡಿಮೆ. ಬಾಗಿಲುವಾಡ ಸೀಳಿದ್ದೇ ಜಾಸ್ತಿ.

ಜನ ಅಂಗಡಿಗೆ ಹೋಗಿ ಎಷ್ಟು ಲಿವರ್ ಬೀಗ, ಎಷ್ಟು ಕೀ ಬರುತ್ತೆ ಅಂತ ಕೇಳುತ್ತಾರೆ. ಮೂರು ಸಾವಿರದ ಬೀಗ ತರುತ್ತಾರೆ. ಆ ಬೀಗದ ನಾಲಗೆ ಹೋಗಿ ಕೂರುವ ಜಾಗ ನೋಡಿ. ವಾಡದಲ್ಲಿ ಒಂದು ತೂತು, ಅದರ ಮೇಲೆ ತೆಳ್ಳನೆ ತಗಡು, ಅದಕ್ಕೆ ಮುಕ್ಕಾಲು ಇಂಚಿನ ಎರಡು ಸ್ಕ್ರೂ. ಕಳ್ಳ ಬೀಗದ ತಂಟೆಗೇ ಹೋಗುವುದಿಲ್ಲ. ಬೀಗದ ಎತ್ತರದಲ್ಲಿ ಬಾಗಿಲಿಗೂ ವಾಡಕ್ಕೂ ನಡುವೆ ರಾಡ್ ತೂರಿಸಿ ಒಂದು ಸಲ ಮೀಟುತ್ತಾನೆ. ನಾಲಗೆಯ ಹಿಂದೆ ಇರುವ ಅರ್ಧ ಇಂಚು ಮರ ಚಕ್ಕೆ ಎದ್ದು ಬರುತ್ತದೆ. ಬೀಗ ಹಾಗೇ ಇರುತ್ತದೆ, ಹೊಸದರ ಹಾಗೆ. ಮನೆಯವರು ಆ ಬೀಗ ಹಿಡಿದು ಅಳುವುದನ್ನು ನಾನು ನೋಡಿದ್ದೇನೆ.

ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಮುಂಬಾಗಿಲು ಹಾಕಿ, ಒಳಗೆ ಲೈಟ್ ಹಾಕಿ, ಜಗಲಿ ಲೈಟ್ ಆರಿಸಿ ಹೊರಗೆ ನಿಂತು ನೋಡಿ. ಬೀಗದ ಪಕ್ಕದಲ್ಲಿ ಬೆಳಕಿನ ಗೆರೆ ಕಂಡರೆ ರಾಡ್ ತೂರಲು ಅಷ್ಟು ಜಾಗ ಇದೆ ಅಂತ ಅರ್ಥ.

ಅದಕ್ಕೆ ಮದ್ದು ದುಬಾರಿ ಅಲ್ಲ. ಆ ತೆಳ್ಳನೆ ತಗಡು ತೆಗೆದು ಒಂದು ಗೇಣುದ್ದದ ದಪ್ಪ ಕಬ್ಬಿಣದ ಪಟ್ಟಿ ಕೂರಿಸಿ. ಮೂರಿಂಚಿನ ಸ್ಕ್ರೂ ಹಾಕಿ, ವಾಡದೊಳಗೆ ಆಳಕ್ಕೆ ಇಳಿಯಬೇಕು. ಆಗ ಮೀಟುವ ಬಲ ಇಡೀ ವಾಡದ ಮೇಲೆ ಹಂಚಿಹೋಗುತ್ತದೆ. ಹೊರಗಡೆ ಬೆಳಕು ಕಾಣುವ ಸಂದಿಗೆ ಉದ್ದಕ್ಕೂ ಎಲ್ ಆಕಾರದ ಪಟ್ಟಿ ಹೊಡೆಸಿ, ರಾಡ್ ತುದಿಗೆ ಜಾಗವೇ ಸಿಗಬಾರದು. ಕೀಲುಗಳ ಸ್ಕ್ರೂಗಳನ್ನೂ ಒಂದೊಂದಾಗಿ ಬದಲಾಯಿಸಿ. ಬೀಗದ ಕಡೆ ಗಟ್ಟಿ ಮಾಡಿ ಕೀಲಿನ ಕಡೆ ಬಿಟ್ಟರೆ ಅಲ್ಲಿಂದ ಮೀಟುತ್ತಾರೆ.

ಹಿಂಬಾಗಿಲು ನೋಡಿದ್ದೀರಾ? ಮುಂಬಾಗಿಲಿಗೆ ತೇಗ ಹಾಕಿ, ಕೆತ್ತನೆ ಮಾಡಿಸಿ, ಪಾಲಿಶ್ ಹೊಡೆಸುತ್ತಾರೆ. ಪಾತ್ರೆ ತೊಳೆಯುವ ಕಡೆಯ ಬಾಗಿಲು ಫ್ಲಷ್ ಡೋರ್, ಮಳೆ ನೀರಿಗೆ ಕೆಳಗಡೆ ಉಬ್ಬಿರುತ್ತದೆ, ಒಂದು ಸಣ್ಣ ಚಿಲಕ. ತಾರಸಿ ಮೇಲಿನ ಬಾಗಿಲಂತೂ ಬರೀ ತಗಡು. ಪಕ್ಕದ ಸೈಟ್ ಖಾಲಿ ಇದೆ ಅಂದಿರಲ್ಲ, ಅಲ್ಲಿಂದ ಸನ್‌ಶೇಡ್ ಹಿಡಿದು ತಾರಸಿ ಹತ್ತುವುದು ಹತ್ತನೇ ಕ್ಲಾಸ್ ಹುಡುಗನಿಗೂ ಆಗುತ್ತದೆ. ಈ ಎರಡಕ್ಕೂ ಒಳಗಡೆಯಿಂದ ಅಡ್ಡಪಟ್ಟಿ ಹಾಕಿಸಿ. ಹಳೇ ಮನೆಗಳಲ್ಲಿ ಅಗುಳಿ ಇರುತ್ತಿತ್ತಲ್ಲ, ಅದೇ. ಗೋಡೆಗೆ ಎರಡು ಕಡೆ ಕೊಂಡಿ, ನಡುವೆ ಒಂದು ಕಬ್ಬಿಣದ ಪಟ್ಟಿ. ನಮ್ಮ ತಾತನ ಕಾಲದ ಬುದ್ಧಿ, ಈಗಲೂ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಮುಂಬಾಗಿಲಿಗೆ ಹೊರಗೆ ಅಲ್‌ಡ್ರಾಪ್, ಅಂದರೆ ಅಡ್ಡ ಎಳೆಯುವ ದಪ್ಪ ಚಿಲಕ, ಅದಕ್ಕೆ ತೂಗುವ ಬೀಗ ಇದ್ದರೆ ಅದನ್ನು ಬಿಡಿ. ರಸ್ತೆಯಲ್ಲಿ ಹೋಗುವವನಿಗೆಲ್ಲ ಮನೆಯಲ್ಲಿ ಯಾರೂ ಇಲ್ಲ ಅಂತ ಅದೇ ಹೇಳುತ್ತದೆ. ಬಾಗಿಲ ಒಳಗೇ ಕೂರುವ ಬೀಗ ಹಾಕಿ, ಹೊರಗೆ ಕೀ ತೂತು ಮಾತ್ರ ಕಾಣಲಿ.

ಒಂದು ಮಾತು ಮರೆಯಬೇಡಿ. ಅತ್ತೆ ಒಬ್ಬರೇ ಇರುತ್ತಾರೆ. ಏನು ಮಾಡಿಸಿದರೂ ಒಳಗಿನಿಂದ ಕೀ ಇಲ್ಲದೆ, ಒಂದೇ ಕೈಯಲ್ಲಿ ತೆಗೆಯಲು ಬರಬೇಕು. ಗ್ಯಾಸ್ ಸೋರಿತು, ಬೆಂಕಿ ಬಿತ್ತು ಅಂದರೆ ಕೀ ಹುಡುಕಿಕೊಂಡು ನಿಲ್ಲುವ ಹಾಗಾಗಬಾರದು. ಅಡ್ಡಪಟ್ಟಿಯನ್ನು ಅವರ ಕೈಯಲ್ಲೇ ಎತ್ತಿಸಿ ನೋಡಿ, ಭಾರ ಆದರೆ ಸಣ್ಣದು ಹಾಕಿಸಿ.

ರಿಂಗ್‌ರೋಡ್ ಮನೆಯವಳು

ಅಣ್ಣಾ, ರಾತ್ರಿಯೇ ನೋಡಿದೆ. ಬೆಳಕು ಕಾಣುತ್ತದೆ, ಮೇಲಿಂದ ಕೆಳಗಿನ ತನಕ. ತಗಡಿನ ಒಂದು ಸ್ಕ್ರೂ ಬಿಚ್ಚಿ ಅಳೆದೆ. ನೀವು ಹೇಳಿದ ಹಾಗೇ ಮುಕ್ಕಾಲು ಇಂಚು. ಮನೆ ಕಟ್ಟಿ ಮೂರು ವರ್ಷ ಆಯಿತು, ಇದನ್ನು ಯಾರೂ ಹೇಳಿರಲಿಲ್ಲ.

ಗೌರಿಬಿದನೂರಿನವಳು

ಸ್ಕೂಟರ್ ವಿಷಯಕ್ಕೆ ಮಾತ್ರ ಬರೆಯುತ್ತೇನೆ, ನಾನು ಬ್ಯಾಂಕಿನಲ್ಲಿದ್ದವಳು. ನಿಮ್ಮದು ಬರೀ ಥರ್ಡ್ ಪಾರ್ಟಿ ಪಾಲಿಸಿ ಇತ್ತು ಅನ್ನಿಸುತ್ತದೆ. ಅದು ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಮಾತ್ರ. ಕಳವಿಗೆ ದುಡ್ಡು ಬರಬೇಕಾದರೆ ಕಾಂಪ್ರಹೆನ್ಸಿವ್ ಪಾಲಿಸಿಯೋ, ನಮ್ಮ ಗಾಡಿಗೇ ಅಂತ ಮಾಡಿಸುವ ಪಾಲಿಸಿಯೋ ಇರಬೇಕು. ಆಗಲೂ ಎಫ್‌ಐಆರ್ ತಕ್ಷಣ ಮಾಡಿಸಿ ಕಂಪನಿಗೆ ತಿಳಿಸಬೇಕು. ಎರಡೂ ಕೀ ಕೇಳುತ್ತಾರೆ. ಗಾಡಿ ಸಿಗದಿದ್ದರೆ ಪೊಲೀಸರು ಪತ್ತೆಯಾಗಲಿಲ್ಲ ಅಂತ ಸಿ ರಿಪೋರ್ಟ್ ಹಾಕುತ್ತಾರೆ, ಅದರ ಪ್ರತಿಯೂ ಬೇಕು. ಈಗ ಬೇರೆ ಗಾಡಿ ಇದ್ದರೆ ಅದರ ಎರಡನೇ ಕೀ ಎಲ್ಲಿದೆ ಅಂತ ಇವತ್ತೇ ನೋಡಿಕೊಳ್ಳಿ.

ಮದುವೆಗೆ ಹಾಕಿಕೊಳ್ಳದ ಒಡವೆಯನ್ನು ಲಾಕರ್‌ನಲ್ಲಿಡಿ. ಬ್ಯಾಂಕಿನ ತಪ್ಪಿನಿಂದಲೋ, ಬ್ಯಾಂಕಿನಲ್ಲೇ ಕಳ್ಳತನ ಆಗಿಯೋ ಲಾಕರ್‌ನಲ್ಲಿದ್ದದ್ದು ಹೋದರೆ, ವರ್ಷದ ಬಾಡಿಗೆಯ 100 ಪಟ್ಟಿನವರೆಗೆ ಬ್ಯಾಂಕ್ ಹೊಣೆ ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. 2022ರ ಜನವರಿಯಿಂದ ಜಾರಿಯಲ್ಲಿದೆ. ಅದಕ್ಕಿಂತ ಬೆಲೆಬಾಳುವ ಒಡವೆ ಇದ್ದರೆ ಬೇರೆ ವಿಮೆ ಮಾಡಿಸಿ.

ಕೋಲಾರ, ನಿವೃತ್ತ ಹೆಡ್ ಕಾನ್‌ಸ್ಟೇಬಲ್

ತಾಯಿ, ಮೊದಲು ನಿಮ್ಮ ಅತ್ತೆಯವರ ವಿಷಯ. ಇದನ್ನು ಅವರಿಗೆ ಓದಿ ಹೇಳಿ.

ಅಮ್ಮಾ, ನೀವು ಕೇಳದೆ ಇದ್ದದ್ದು ತಪ್ಪಲ್ಲ. ಕೇಳಿದ್ದರೂ ಅವನು "ಮನೆಯವರು ಫೋನ್ ಮಾಡಿ ಕರೆದಿದ್ದಾರೆ" ಅನ್ನುತ್ತಿದ್ದ. ಅವರ ಹತ್ತಿರ ಉತ್ತರ ರೆಡಿ ಇರುತ್ತದೆ. ಒಂಟಿಯಾಗಿದ್ದ ನೀವು ಹತ್ತಿರ ಹೋಗಿದ್ದರೆ ಏನಾಗುತ್ತಿತ್ತೋ. ಆದರೆ ನೀವು ನೋಡಿದ್ದೀರಲ್ಲ, ಅದು ದೊಡ್ಡದು. ಎದುರು ಮನೆಯ ಕೇಸಿಗೆ ನೀವು ಒಬ್ಬರೇ ಸಾಕ್ಷಿ ಇರಬಹುದು. ಹದಿನೈದು ದಿನ ಆಯಿತು ಅಂತ ಸುಮ್ಮನಿರಬೇಡಿ. ಸ್ಟೇಷನ್ ಮೆಟ್ಟಿಲು ಹತ್ತಬೇಕು ಅಂತ ಹೆದರಿಕೆ ಇದ್ದರೆ ಅದೂ ಬೇಡ. ಸಾಕ್ಷಿ ಹೆಂಗಸಾದರೆ ಹೇಳಿಕೆಯನ್ನು ಅವರ ಮನೆಗೇ ಬಂದು ತೆಗೆದುಕೊಳ್ಳಬೇಕು. ಹೊಸ ಕಾನೂನಿನಲ್ಲಿ, ಅಂದರೆ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 179ನೇ ಸೆಕ್ಷನ್. ಹಳೆಯದರಲ್ಲೂ ಇತ್ತು. ಸೊಸೆ ಒಂದು ಫೋನ್ ಮಾಡಿ ಕೇಸ್ ನೋಡುತ್ತಿರುವವರಿಗೆ ತಿಳಿಸಲಿ. ಬೈಕಿನ ಬಣ್ಣ, ಬ್ಯಾಗಿನ ಬಣ್ಣ, ಎಷ್ಟು ಹೊತ್ತಿಗೆ, ಯಾವ ಕಡೆಯಿಂದ ಬಂದ. ನೆನಪಿದ್ದಷ್ಟು ಸಾಕು.

ಆ ಟೈಮ್ ಒಂದು ಸಿಕ್ಕಿದರೆ ಎಷ್ಟು ಕೆಲಸ ಆಗುತ್ತದೆ ಗೊತ್ತಾ? ರಸ್ತೆ ತುದಿಯ ಅಂಗಡಿ, ಪೆಟ್ರೋಲ್ ಬಂಕ್, ಚೌಲ್ಟ್ರಿಗಳ ಕ್ಯಾಮೆರಾದಲ್ಲಿ ಆ ಅರ್ಧ ಗಂಟೆ ಮಾತ್ರ ನೋಡಿದರೆ ಸಾಕು. ಜನ ಜಾಸ್ತಿ ಸೇರುವ ಜಾಗಗಳಲ್ಲಿ ಕ್ಯಾಮೆರಾ ಇಟ್ಟು 30 ದಿನದ ರೆಕಾರ್ಡ್ ಇಡಬೇಕು ಅಂತ ಕರ್ನಾಟಕದಲ್ಲಿ 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಇದೆ. ಸಣ್ಣ ಅಂಗಡಿಗಳಲ್ಲಿ ಅಷ್ಟು ದಿನ ಇರುವುದಿಲ್ಲ, ಹಳೆಯದು ತಾನಾಗೇ ಅಳಿಸಿಹೋಗುತ್ತದೆ. ಅದಕ್ಕೇ ಬೇಗ ಹೇಳಿ.

ಈಗ ನೀವು ಊರಿಗೆ ಹೋಗುವ ವಿಷಯ. ಹೋಗುವ ಮುಂಚೆ ನಿಮ್ಮ ಠಾಣೆಗೆ ಒಂದು ಅರ್ಜಿ ಕೊಡಿ. ಇಂಥ ದಿನದಿಂದ ಇಂಥ ದಿನದವರೆಗೆ ಮನೆ ಬೀಗ, ಈ ನಂಬರಿಗೆ ಫೋನ್ ಮಾಡಿ ಅಂತ. ಬೀಟಿನವರಿಗೆ ತಿಳಿದಿದ್ದರೆ ರಾತ್ರಿ ಆ ಅಡ್ಡರಸ್ತೆಗೆ ಬೈಕ್ ತಿರುಗಿಸುತ್ತಾರೆ. ನಾನು ಬೀಟ್ ಮಾಡುವಾಗ ಅಂಥ ಮನೆಗಳ ಗೇಟ್ ಅಲ್ಲಾಡಿಸಿ ನೋಡಿ ಬರುತ್ತಿದ್ದೆ. ತಿಳಿಸದೆ ಹೋದ ಮನೆ ನಮಗೆ ಹೇಗೆ ಗೊತ್ತಾಗಬೇಕು ಹೇಳಿ.

ಕಳ್ಳ ಹಗಲು ಹೊತ್ತು ಏನು ನೋಡುತ್ತಾನೆ? ಬೀಗ ಆಮೇಲೆ. ಮೊದಲು ಹೊಸ್ತಿಲು ನೋಡುತ್ತಾನೆ. ಎಂಟು ಗಂಟೆಗೆ ಎಲ್ಲರ ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟಿದ್ದು, ಒಂದು ಮನೆ ಮುಂದೆ ಮಾತ್ರ ಒಣ ನೆಲ, ಮೊನ್ನೆಯ ರಂಗೋಲಿ ಅಳಿಸಿಹೋಗಿದ್ದರೆ ಸಾಕು. ಗೇಟಿಗೆ ಸಿಕ್ಕಿಸಿದ ಎರಡು ದಿನದ ಪೇಪರ್, ಹಗಲಲ್ಲೂ ಉರಿಯುವ ಜಗಲಿ ಲೈಟ್. ನೀವೇ ಬರೆದು ಹಾಕಿದ ಹಾಗೆ. ಹಾಲು, ಪೇಪರ್ ನಿಲ್ಲಿಸಿ. ಕೀಯನ್ನು ಹೂಕುಂಡ, ಚಪ್ಪಲಿ ಸ್ಟ್ಯಾಂಡ್, ಮೀಟರ್ ಬಾಕ್ಸ್‌ನಲ್ಲಿ ಇಡಬೇಡಿ, ಅವರು ಮೊದಲು ಕೈ ಹಾಕುವುದೇ ಅಲ್ಲಿ. ಮದುವೆ ಫೋಟೋಗಳನ್ನು ಸ್ಟೇಟಸ್ಸಿಗೆ ಹಾಕುವುದು ವಾಪಸ್ ಬಂದ ಮೇಲೆ ಆಗಲಿ.

ಒಡವೆಗಳ ಫೋಟೋ ತೆಗೆದಿಡಿ, ತೂಕ ಬರೆದಿಡಿ, ಬಿಲ್ ಇದ್ದರೆ ಜೋಪಾನ. ಈಚಿನ ಹಾಲ್‌ಮಾರ್ಕ್ ಒಡವೆಯಲ್ಲಿ ಆರು ಅಕ್ಷರ, ಅಂಕಿಗಳ ಒಂದು ಗುರುತು ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಕಳ್ಳ ಸಿಕ್ಕಿ ಮಾಲು ಸಿಕ್ಕಿದರೂ ಕೋರ್ಟಿನಿಂದ ಬಿಡಿಸಿಕೊಳ್ಳಬೇಕಾದರೆ ಅದು ನಿಮ್ಮದೇ ಅಂತ ತೋರಿಸಬೇಕಲ್ಲ. ಎಷ್ಟೋ ಹೆಂಗಸರು "ಸಾರ್, ಇದು ನಂದೇ" ಅಂತ ಅಳುತ್ತಾ ನಿಂತಿದ್ದು ನೋಡಿದ್ದೇನೆ, ಕೈಯಲ್ಲಿ ಒಂದು ಚೀಟಿ ಇರುತ್ತಿರಲಿಲ್ಲ.

ಅಕಸ್ಮಾತ್ ಬಾಗಿಲು ಒಡೆದಿದ್ದು ಕಂಡರೆ ಒಳಗೆ ನುಗ್ಗಬೇಡಿ. ಹೊರಗೇ ನಿಂತು 112ಕ್ಕೆ ಫೋನ್ ಮಾಡಿ. ಬೀರು ಮುಟ್ಟಿ, ಬಟ್ಟೆ ಎತ್ತಿಟ್ಟುಬಿಟ್ಟರೆ ಬೆರಳಚ್ಚಿನವರಿಗೆ ಸಿಗುವುದು ನಿಮ್ಮ ಬೆರಳೇ. ಎಫ್‌ಐಆರ್ ಪ್ರತಿ ಉಚಿತ, ಕೇಳಿ ತೆಗೆದುಕೊಳ್ಳಿ.

ಅತ್ತೆಯವರಿಗೆ ಇನ್ನೆರಡು ಮಾತು. ಒಡವೆ ಪಾಲಿಶ್ ಮಾಡಿಕೊಡುತ್ತೇವೆ ಅಂತ ಬರುವವರಿಗೆ ಗೇಟ್ ತೆಗೆಯಬೇಡಿ. ರಸ್ತೆಯಲ್ಲಿ ಯಾರಾದರೂ "ನಾವು ಪೊಲೀಸ್, ಮುಂದೆ ಗಲಾಟೆ ಇದೆ, ಸರ ಬಿಚ್ಚಿ ಪೇಪರಿನಲ್ಲಿ ಸುತ್ತಿಕೊಡಿ" ಅಂದರೆ ಅವನು ಪೊಲೀಸ್ ಅಲ್ಲ. ನಮ್ಮ ಯಾವ ಪೊಲೀಸಿನವರೂ ಒಡವೆ ಬಿಚ್ಚಿಸುವುದಿಲ್ಲ.

ಬೆಳ್ಳಾವಿ ಹುಡುಗ

ಮಾವನಿಗೆ ಹೇಳಿದೆ, ವೈರ್ ತೆಗೆಸಿದೆ. ಥ್ಯಾಂಕ್ಸ್ ಅಣ್ಣಾ. ಇನ್ನೊಂದು ಕೇಳಬೇಕಿತ್ತು. ನಮ್ಮ ಏರಿಯಾ ವಾಟ್ಸಾಪ್ ಗುಂಪಿನಲ್ಲಿ ಹೊಸಬರು ಯಾರು ಕಂಡರೂ ಫೋಟೋ ತೆಗೆದು ಹಾಕುತ್ತಾರೆ. ಅಕ್ಕನೂ ಹಾಗೆ ಮಾಡಬಹುದಲ್ಲ?

ಕೋಲಾರ, ನಿವೃತ್ತ ಹೆಡ್ ಕಾನ್‌ಸ್ಟೇಬಲ್

ಬೇಡ ಮಗಾ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ಒಬ್ಬನನ್ನು ಮಕ್ಕಳ ಕಳ್ಳ ಅಂತ ಹೊಡೆದು ಕೊಂದರು. ಆಗ ಓಡಾಡುತ್ತಿದ್ದದ್ದು ಇದೇ ಥರದ ವಾಟ್ಸಾಪ್ ಸುದ್ದಿ. ಸ್ಟವ್ ರಿಪೇರಿಯವನು, ಪಾತ್ರೆ ಮಾರುವವನು, ಕಟ್ಟಡ ಕೆಲಸಕ್ಕೆ ಬಂದ ಬೇರೆ ಊರಿನ ಹುಡುಗ, ಇವರೆಲ್ಲ ಹೊಟ್ಟೆಪಾಡಿಗೆ ತಿರುಗುವವರು. ಅನುಮಾನ ಬಂದರೆ ಗಾಡಿ ನಂಬರ್ ಬರೆದುಕೊಂಡು 112ಕ್ಕೆ ಹೇಳು. ಗುಂಪಿಗೆ ಮುಖ ಹಾಕಬೇಡ.

ಚಿಂತಾಮಣಿ ತೋಟ

ನಮ್ಮದು ಹಳ್ಳಿ, ಆದರೂ ಹೇಳುತ್ತೇನೆ. 2023ರ ಜುಲೈನಲ್ಲಿ ಕೋಲಾರ ಮಂಡಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸ್ ಎರಡು ಸಾವಿರ ದಾಟಿತು. ಆಗ ತೋಟದಲ್ಲಿ ಹಣ್ಣು ಬಿಟ್ಟು ಮಲಗುವ ಹಾಗಿರಲಿಲ್ಲ. ಒಬ್ಬೊಬ್ಬರೇ ಕಾದು ನೋಡಿದೆವು, ನಾಲ್ಕನೇ ದಿನಕ್ಕೆ ಕಣ್ಣು ತೆರೆಯಲು ಆಗಲಿಲ್ಲ. ಆಮೇಲೆ ಅಕ್ಕಪಕ್ಕದ ಐದು ತೋಟದವರು ಪಾಳಿ ಮಾಡಿಕೊಂಡೆವು. ರಾತ್ರಿಗೆ ಇಬ್ಬರು, ಎರಡು ಬ್ಯಾಟರಿ, ಒಂದು ವಿಷಲ್. ಉಳಿದವರು ನಿದ್ದೆ ಮಾಡಿದರು. ಅದರಲ್ಲಿ ಇಬ್ಬರಿಗೆ ಬದುವಿನ ಜಗಳಕ್ಕೆ ಆರು ವರ್ಷದಿಂದ ಮಾತಿರಲಿಲ್ಲ, ಅವರೂ ಬಂದರು. ನಿಮ್ಮದು ನಾಲ್ಕೇ ಮನೆ ಅಂದಿರಿ. ನಾಲ್ಕು ಸಾಕು. ಎದುರು ಮನೆಯವರ ಹತ್ತಿರ ಹೋಗಿ ಮಾತಾಡಿ ಅಕ್ಕ. ಅತ್ತೆಯವರನ್ನೂ ಕರೆದುಕೊಂಡು ಹೋಗಿ.

ರಿಂಗ್‌ರೋಡ್ ಮನೆಯವಳು

ಮದುವೆ ಮುಗಿಸಿ ಮೊನ್ನೆ ರಾತ್ರಿ ಬಂದೆವು. ಮನೆ ಹೇಗೆ ಬಿಟ್ಟು ಹೋಗಿದ್ದೆವೋ ಹಾಗೇ ಇದೆ.

ಹೋಗುವ ಮುಂಚೆ ಪಟ್ಟಿ, ಸ್ಕ್ರೂ, ಎರಡು ಅಡ್ಡಪಟ್ಟಿ, ಮುಂಬಾಗಿಲಿಗೆ ಒಳಬೀಗ ಎಲ್ಲ ಸೇರಿ ಕೂಲಿ ಸಹಿತ 8,400 ಆಯಿತು. ಗೇಟಿಗೆ ಒಂದೇ ಕ್ಯಾಮೆರಾ ಹಾಕಿಸಿದೆ, 4,200. ಹನ್ನೆರಡು ಅಡಿ ಎತ್ತರಕ್ಕೆ ಹಾಕುತ್ತೇನೆ ಅಂದರು. ಅಷ್ಟು ಮೇಲಿಂದ ಬರೀ ಟೋಪಿ ಕಾಣುತ್ತದೆ ಅಂತ ಜಗಳ ಮಾಡಿ ಎಂಟು ಅಡಿಗೆ ಹಾಕಿಸಿದೆ. ಈಗ ಮುಖ ಕಾಣುತ್ತದೆ. ಕರೆಂಟ್ ಹೋದಾಗಲೂ ನಡೆಯಲಿ ಅಂತ ಯುಪಿಎಸ್‌ಗೆ ಕೊಟ್ಟಿದ್ದೇವೆ. ಠಾಣೆಗೆ ಅರ್ಜಿ ಕೊಟ್ಟೆವು, ಬೀಟಿನವರ ನಂಬರ್ ಕೊಟ್ಟರು.

ಅತ್ತೆಯ ಹೇಳಿಕೆ ತೆಗೆದುಕೊಳ್ಳಲು ಒಬ್ಬ ಮಹಿಳಾ ಪೇದೆ ಸಹಿತ ಇಬ್ಬರು ಮನೆಗೇ ಬಂದರು. ಅತ್ತೆಗೆ ಬ್ಯಾಗ್ ಹಸಿರು ಅಂತ ನೆನಪಿತ್ತು. ಬೈಕಿನ ಸೈಲೆನ್ಸರ್ ಸದ್ದು ಜಾಸ್ತಿ ಇತ್ತಂತೆ, ಕಿವಿ ಮಂದ ಇರುವ ತಮಗೇ ಕೇಳಿಸಿತು ಅಂದರು. ಆ ಹೊತ್ತಿಗೆ ರೇಡಿಯೋದಲ್ಲಿ ಪ್ರದೇಶ ಸಮಾಚಾರ ಇನ್ನೂ ಶುರುವಾಗಿರಲಿಲ್ಲ ಅಂತ ಟೈಮ್ ಲೆಕ್ಕ ಹಾಕಿ ಹೇಳಿದರು. ಕಳ್ಳ ಇನ್ನೂ ಸಿಕ್ಕಿಲ್ಲ. ಪೊಲೀಸರು ರಸ್ತೆ ತುದಿಯ ಅಂಗಡಿಯಿಂದ ರೆಕಾರ್ಡ್ ತೆಗೆದುಕೊಂಡು ಹೋಗಿದ್ದಾರೆ.

ಹೇಳಿಕೆ ಕೊಟ್ಟ ಸಂಜೆ ಅತ್ತೆ ತಾವಾಗಿಯೇ ಎದುರು ಮನೆಗೆ ಹೋದರು. ಒಂದು ಗಂಟೆ ಕೂತಿದ್ದರು. ಏನು ಮಾತಾಡಿದರು ಅಂತ ನಾನು ಕೇಳಲಿಲ್ಲ.

ನಾವು ಊರಲ್ಲಿ ಇಲ್ಲದ ನಾಲ್ಕು ದಿನವೂ ನಮ್ಮ ಮನೆ ಮುಂದೆ ನೀರು ಹಾಕಿ ರಂಗೋಲಿ ಬಿಟ್ಟದ್ದು ಎದುರು ಮನೆಯವರು. ಅವರು ಬರುವ ಗುರುವಾರ ಎರಡು ದಿನಕ್ಕೆ ಶಿರಾಕ್ಕೆ ಹೋಗುತ್ತಿದ್ದಾರೆ. ಅತ್ತೆ ಇವತ್ತೇ ರಂಗೋಲಿ ಪುಡಿ ತರಿಸಿಟ್ಟುಕೊಂಡಿದ್ದಾರೆ.

ಗುಬ್ಬಿ ಗೇಟ್ ಅಣ್ಣಾ, ಕೈಯಲ್ಲಿ ಇನ್ನೂ ಏಳು ಸಾವಿರದ ನಾನೂರು ಇದೆ. ತಾರಸಿಯ ತಗಡಿನ ಬಾಗಿಲು ತೆಗೆಸಿ ಬೇರೆ ಹಾಕಿಸಬೇಕು. ಬೇವಿನ ಮರದ್ದು ಬಿಸಿಲು ಮಳೆ ತಡೆಯುತ್ತದೆಯೇ, ಕಬ್ಬಿಣದ್ದೇ ಒಳ್ಳೆಯದೇ?